ಸಿ ಅಕ್ಷರದ ಪುಟಗಳಲ್ಲಿ ನಮ್ಮೂರು

ಕೇಳುಗರಿಗೆ ನಮಸ್ಕಾರ.

ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಬಹಳ ವರ್ಷ ಇಂಗ್ಲಿಷ್ ಪಾಠ ಮಾಡಿದವನು. ಒಂದು ದಿನ ಎಂಟನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸಾರ್, ಈ ಅಕ್ಷರದ ಹೆಸರು ಸಿ. ಹಾಗಾದ್ರೆ ಬೆಕ್ಕನ್ನ ಸ್ಯಾಟ್ ಅನ್ಬೇಕಲ್ವಾ? ಕ್ಯಾಟ್ ಯಾಕೆ?"

ಮಕ್ಕಳೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಅವಳು ಕೇಳಿದ್ದು ನ್ಯಾಯವಾಗಿಯೇ ಇತ್ತು. ಕನ್ನಡದಲ್ಲಿ ಕ ಬರೆದರೆ ಕ, ಸ ಬರೆದರೆ ಸ. ಆ ನಂಬಿಕೆಯಿಂದ ಬಂದ ಮಗುವಿಗೆ ಸಿ ಅಕ್ಷರ ಮಾತಿಗೆ ತಪ್ಪಿದ ಹಾಗೆ ಕಾಣುತ್ತದೆ.

ಹಳೇ ರೋಮನ್ನರ ಬಾಯಲ್ಲಿ ಸಿ ಅಂದರೆ ಕ ಮಾತ್ರ. ಅವರ ಲ್ಯಾಟಿನ್ ಮಾತು ಸವೆದು ಸವೆದು ಫ್ರೆಂಚ್ ಆಯಿತು. ಆ ಹೊತ್ತಿಗೆ ಕೆಲವು ಕಡೆ ಈ ಕ ಮೆತ್ತಗಾಗಿ ಸ ಆಗಿತ್ತು. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯವರು ಇಂಗ್ಲೆಂಡನ್ನು ಗೆದ್ದರು. ಅವರ ಹಿಂದೆಯೇ ಅವರ ಬರವಣಿಗೆಯ ರೂಢಿಯೂ ಬಂತು. ಹಾಗಾಗಿ ಸಿ ಆದ ಮೇಲೆ ಇ, ಐ, ವೈ ಬಂದರೆ ಸಾಮಾನ್ಯವಾಗಿ ಸ. ಎ, ಓ, ಯು ಬಂದರೆ ಕ. ಸಿಮೆಂಟ್ ಒಂದು ಕಡೆ, ಕಾಫಿ ಇನ್ನೊಂದು ಕಡೆ. ಸರ್ಕಲ್ ಅನ್ನುವ ಪದದಲ್ಲಿ ಎರಡು ಸಿ ಇವೆ, ಮೊದಲನೆಯದು ಸ, ಎರಡನೆಯದು ಕ. ಇಷ್ಟು ಹೇಳಿದಾಗ ಆ ಹುಡುಗಿಯ ಮುಖ ತಿಳಿಯಾಯಿತು.

ಅಲ್ಲಿಯವರೆಗೆ ನಾನೂ ಎಲ್ಲರ ಹಾಗೆ ದಿನಕ್ಕೆ ಹತ್ತು ಪದ ಕೊಡುತ್ತಿದ್ದೆ. ಅರ್ಥ ಬಾಯಿಪಾಠ ಮಾಡಿ ಬನ್ನಿ ಅನ್ನುತ್ತಿದ್ದೆ. ಮಕ್ಕಳು ಸೋಮವಾರ ಒಪ್ಪಿಸುತ್ತಿದ್ದರು, ಶುಕ್ರವಾರದ ಹೊತ್ತಿಗೆ ಮರೆಯುತ್ತಿದ್ದರು. ಅವಳು ಕೇಳಿದ ರಾತ್ರಿ ನಿಘಂಟು ತೆಗೆದು ಸಿ ಭಾಗ ಓದುತ್ತಾ ಕೂತೆ. ಬರೀ ಅರ್ಥ ನೋಡಲಿಲ್ಲ. ಅರ್ಥದ ಪಕ್ಕದಲ್ಲಿ ಪದದ ಮೂಲ ಅಂತ ಸಣ್ಣ ಅಕ್ಷರದಲ್ಲಿ ಕೊಟ್ಟಿರುತ್ತಾರಲ್ಲ, ಅದನ್ನೂ ನೋಡಿದೆ. ಪುಟ ಪುಟಕ್ಕೂ ನಮ್ಮವರೇ ಸಿಗುತ್ತಾ ಹೋದರು.

ತಿಪಟೂರು ಕಡೆಯವರು ಕೇಳುತ್ತಿದ್ದೀರಾ? ನಿಮ್ಮ ಕೊಬ್ಬರಿ ಅಲ್ಲಿದೆ. ಇಂಗ್ಲಿಷಿನಲ್ಲಿ ಅದು ಕಾಪ್ರಾ. ಮಲಬಾರ್ ತೀರಕ್ಕೆ ಬಂದ ಪೋರ್ಚುಗೀಸರು ಮಲಯಾಳದ ಕೊಪ್ಪರವನ್ನು ಕೇಳಿ ತಮ್ಮ ಮಾತಿಗೆ ಸೇರಿಸಿಕೊಂಡರು. ಅವರಿಂದ ಅದು ಇಂಗ್ಲಿಷಿಗೆ ಹೋಯಿತು. ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾಯಿ ಇಟ್ಟು, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಕೊಬ್ಬರಿ ಗಡಗಡ ಅನ್ನುವವರೆಗೆ ಕಾಯುವ ರೈತರಿಗೆ ಈ ಪದದ ಅರ್ಥ ಯಾರೂ ಹೇಳಿಕೊಡಬೇಕಿಲ್ಲ. ಇನ್ನು ಕೋಕನಟ್. ತೆಂಗಿನಕಾಯಿಗೆ ಮೂರು ಕಣ್ಣು ಅಂತ ನಾವು ಹೇಳುತ್ತೇವೆ. ಪೋರ್ಚುಗೀಸರಿಗೂ ಅಲ್ಲಿ ಮುಖವೇ ಕಂಡಿತು, ಆದರೆ ಹಲ್ಲು ಕಿರಿಯುವ ಗುಮ್ಮನ ಮುಖ. ಅವರ ಮಾತಿನಲ್ಲಿ ಕೋಕೊ ಅಂದರೆ ಮಕ್ಕಳನ್ನು ಹೆದರಿಸುವ ಗುಮ್ಮ. ನಾವು ದೇವರ ಮುಂದೆ ಇಡುವ ಕಾಯಿಗೆ ಅವರು ಗುಮ್ಮನ ಹೆಸರಿಟ್ಟರು!

ಕ್ಯಾಟಮರಾನ್ ಅಂತ ಒಂದು ಪದ. ಪಕ್ಕಪಕ್ಕ ಎರಡು ಒಡಲು ಇರುವ ದೋಣಿಗೆ ಈಗ ಹಾಗೆ ಕರೆಯುತ್ತಾರೆ. ಮಕ್ಕಳಿಗೆ ಈ ಪದ ಬಿಡಿಸಿ ತೋರಿಸುವುದು ನನಗೆ ತುಂಬ ಇಷ್ಟ. ಅದು ತಮಿಳಿನ ಕಟ್ಟುಮರಂ. ಕಟ್ಟಿದ ಮರ, ಅಷ್ಟೇ. ಮರದ ದಿಮ್ಮಿಗಳನ್ನು ಹಗ್ಗದಿಂದ ಕಟ್ಟಿ ಸಮುದ್ರಕ್ಕೆ ಇಳಿಯುತ್ತಿದ್ದ ಮೀನುಗಾರರ ಮಾತು. ಕಟ್ಟು ನಮ್ಮಲ್ಲೂ ಕಟ್ಟು, ಮರ ನಮ್ಮಲ್ಲೂ ಮರ. ಸಮುದ್ರವನ್ನೇ ನೋಡದ ನಮ್ಮ ಮಕ್ಕಳು ಒಂದು ಸಲ ಕೇಳಿದರೆ ಸಾಕು, ಮತ್ತೆ ಮರೆಯುವುದಿಲ್ಲ.

ಕ್ಯಾಶ್ ಪದದ ಕಥೆ ಸ್ವಲ್ಪ ಸಿಕ್ಕು. ಇಂಗ್ಲಿಷಿನಲ್ಲಿ ಎರಡು ಕ್ಯಾಶ್ ಇವೆ. ಒಂದು ಹಣದ ಪೆಟ್ಟಿಗೆ ಅನ್ನುವ ಅರ್ಥದ ಯುರೋಪಿನ ಪದದಿಂದ ಬಂದದ್ದು. ಅಂಗಡಿಯಲ್ಲಿ ನಾವು ಕೊಡುವ ಕ್ಯಾಶು ಅದು. ಇನ್ನೊಂದು ನಮ್ಮ ಕಾಸು. ಮದರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಲೆಕ್ಕ ಬರೆಯುವಾಗ 80 ಕಾಸಿಗೆ ಹಣ ಎಂಬ ಒಂದು ನಾಣ್ಯ, ಅಂಥ 42 ಹಣಕ್ಕೆ ಒಂದು ವರಹ ಎಂದು ಹಿಡಿಯುತ್ತಿದ್ದರು. ಆ ಕಾಸನ್ನು ಅವರು ಕ್ಯಾಶ್ ಎಂದೇ ಬರೆದರು. ಹುಟ್ಟು ಬೇರೆ ಬೇರೆಯಾದರೂ ಕಾಗುಣಿತ ಒಂದೇ ಆಯಿತು. ಕ್ಯಾಶ್ ಅನ್ನುವುದೇ ಪೂರ್ತಿ ಕಾಸಿನಿಂದ ಬಂತು ಅಂತ ಕೆಲವರು ಹೇಳುತ್ತಾರೆ. ಅಭಿಮಾನ ಸರಿ, ಆದರೆ ಮಕ್ಕಳಿಗೆ ನಿಜವನ್ನೇ ಹೇಳಬೇಕು.

ಮಲಗುವ ಕಾಟ್ ಹಿಂದಿಯ ಖಾಟ್‌ನಿಂದ ಬಂದದ್ದು. ಚಿಟ್ ಫಂಡಿನ ಚಿಟ್ಟು ನಮ್ಮ ಚೀಟಿಯ ನೆಂಟ. ನಮ್ಮ ಅಜ್ಜಿಯರು ಚೀಟಿ ಬಟ್ಟೆ ಅನ್ನುತ್ತಿದ್ದರಲ್ಲ, ಹೂವಿನ ಅಚ್ಚು ಹಾಕಿದ ಹತ್ತಿ ಬಟ್ಟೆ, ಅದು ಇಂಗ್ಲೆಂಡಿಗೆ ಹೋಗಿ ಚಿಂಟ್ಸ್ ಆಯಿತು.

ಈಗ ಕೋಲಾರದ ಕಡೆ ಬರೋಣ. ಕೆಜಿಎಫ್‌ನಲ್ಲಿ ಸೈನೈಡ್ ಗುಡ್ಡಗಳಿವೆ. ಚಿನ್ನದ ಅದಿರನ್ನು ಪುಡಿ ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಮಣ್ಣು ಅದು. ಗಣಿ 2001ರಲ್ಲಿ ಮುಚ್ಚಿತು, ಗುಡ್ಡ ಹಾಗೇ ಉಳಿಯಿತು. ಬೇಸಿಗೆಯಲ್ಲಿ ಗಾಳಿ ಬೀಸಿದರೆ ಆ ಧೂಳು ಮನೆಯೊಳಗೆ ಬರುತ್ತದೆ. ಈ ಪದದ ಮೂಲ ಗ್ರೀಕ್, ಅರ್ಥ ಗಾಢ ನೀಲಿ. ಗುಡ್ಡ ನೋಡಿದರೆ ಎಲ್ಲೂ ನೀಲಿ ಇಲ್ಲ. ಮತ್ತೆ ಈ ಹೆಸರು ಯಾಕೆ? 1782ರಲ್ಲಿ ಸ್ವೀಡನ್ನಿನ ಷೀಲೆ ಎಂಬ ವಿಜ್ಞಾನಿ ಪ್ರಷ್ಯನ್ ಬ್ಲೂ ಅನ್ನುವ ನೀಲಿ ಬಣ್ಣದಿಂದ ಒಂದು ವಿಷದ ಆಮ್ಲ ತೆಗೆದ. ಆ ಆಮ್ಲದ ಸಂಬಂಧಿ ಈ ಸೈನೈಡ್. ನೀಲಿ ಹೋಯಿತು, ನೀಲಿಯ ಹೆಸರು ವಿಷಕ್ಕೆ ಅಂಟಿಕೊಂಡಿತು.

ಅಷ್ಟಾಗಿ ಕೇಳದ ಪದವೂ ಒಂದು ಹೇಳುತ್ತೇನೆ. ಕಾಪಿಸ್. ಮರವನ್ನು ಬುಡದ ತನಕ ಕಡಿದು, ಬುಡದಿಂದ ಮತ್ತೆ ಚಿಗುರಲು ಬಿಡುವುದು. ಕಬ್ಬಿನಲ್ಲಿ ಕೂಳೆ ಅನ್ನುತ್ತೇವಲ್ಲ, ಹಾಗೆ. ಪದ ಅಪರೂಪದ್ದು. ಆದರೆ ನೀಲಗಿರಿ ತೋಪು ಕಡಿದ ಮೇಲೆ ಏನಾಗುತ್ತದೆ ಅಂತ ನಮ್ಮ ಮಕ್ಕಳು ದಿನಾ ನೋಡಿರುತ್ತಾರೆ.

ಕ್ಲೀವ್ ಇನ್ನೂ ವಿಚಿತ್ರ. ಅದಕ್ಕೆ ಸೀಳು ಅಂತಲೂ ಅರ್ಥ, ಅಂಟಿಕೋ ಅಂತಲೂ ಅರ್ಥ. ಹಿಂದೆ ಎರಡು ಬೇರೆ ಬೇರೆ ಕ್ರಿಯಾಪದಗಳು ಇದ್ದವು. ಉಚ್ಚಾರಣೆ ಹತ್ತಿರ ಹತ್ತಿರ ಬಂದು ಒಂದೇ ಆಗಿಬಿಟ್ಟವು.

ಕ್ಲೌಡ್ ಅಂದರೆ ಮೋಡ, ಇದು ಒಂದನೇ ತರಗತಿಯ ಮಗುವಿಗೂ ಗೊತ್ತು. ಆದರೆ ಹಳೇ ಇಂಗ್ಲಿಷಿನಲ್ಲಿ ಇದೇ ಪದಕ್ಕೆ ಬಂಡೆ, ಗುಡ್ಡ ಎಂಬ ಅರ್ಥ ಇತ್ತು. ಇದನ್ನು ಓದಿದಾಗ ನನಗೆ ನಂದಿ ಬೆಟ್ಟ ನೆನಪಾಯಿತು. ಬೆಳಗಿನ ಜಾವ ಚಿಕ್ಕಬಳ್ಳಾಪುರ ರಸ್ತೆಯಲ್ಲಿ ನಿಂತು ನೋಡಿ. ಬಂಡೆ ಎಲ್ಲಿ ಮುಗಿಯಿತು, ಮೋಡ ಎಲ್ಲಿ ಶುರುವಾಯಿತು ಅಂತ ಹೇಳುವುದಕ್ಕೇ ಆಗುವುದಿಲ್ಲ. ಆಕಾಶದಲ್ಲಿ ರಾಶಿ ಬಿದ್ದ ಮೋಡವನ್ನು ನೋಡಿ ಯಾರೋ ಬಂಡೆ ಅಂದಿರಬೇಕು. ಅದೇ ನಿಂತಿತು.

ಇನ್ನು ಒಂದೇ ಪದ. ಕ್ಲೂ. ಪಠ್ಯಪುಸ್ತಕದಲ್ಲಿ ಇದಕ್ಕೆ ಸುಳಿವು ಅಂತ ಅರ್ಥ. ಹಿಂದೆ ಇದರ ಅರ್ಥ ದಾರದ ಉಂಡೆ. ಗ್ರೀಕರ ಕಥೆಯಲ್ಲಿ ಥೀಸಿಯಸ್ ಎಂಬ ವೀರ ಕ್ರೀಟ್ ದ್ವೀಪದ ಚಕ್ರವ್ಯೂಹದಂಥ ಜಾಗಕ್ಕೆ ಹೋಗುತ್ತಾನೆ. ಒಳಗೆ ಗೂಳಿ ತಲೆಯ ರಾಕ್ಷಸ. ಅಲ್ಲಿನ ರಾಜಕುಮಾರಿ ಅರಿಯಾಡ್ನಿ ಅವನ ಕೈಗೆ ದಾರದ ಉಂಡೆ ಕೊಡುತ್ತಾಳೆ. ಅವನು ದಾರ ಬಿಚ್ಚುತ್ತಾ ಒಳಗೆ ಹೋಗಿ, ರಾಕ್ಷಸನನ್ನು ಕೊಂದು, ಅದೇ ದಾರ ಹಿಡಿದು ಹೊರಗೆ ಬರುತ್ತಾನೆ. ದಾರಿ ತೋರಿಸಿದ ಆ ಉಂಡೆಯೇ ಮುಂದೆ ಸುಳಿವು ಆಯಿತು.

ಇದನ್ನು ತರಗತಿಯಲ್ಲಿ ಹೇಳಿದ ದಿನ ಸಿ ಬಗ್ಗೆ ಕೇಳಿದ್ದ ಹುಡುಗಿ ಸುಮ್ನೆ ಕೂತಿದ್ದಳು. ಅವಳ ಅಪ್ಪ ರೀಲರು, ಅಂದರೆ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವವರು. ಸಂಜೆ ಅವರ ಮನೆ ಮುಂದೆ ಹೋಗುವಾಗ ಒಳಗೆ ಕರೆದಳು. ಬಿಸಿನೀರಿನಲ್ಲಿ ಗೂಡುಗಳು ಬೇಯುತ್ತಿದ್ದವು. ಅಂಟು ಬಿಟ್ಟ ಗೂಡುಗಳ ಮೇಲೆ ಅವಳ ಅಪ್ಪ ಕೈಯಾಡಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳನ್ನು ಒಟ್ಟಿಗೆ ಹಿಡಿದು ಎತ್ತಿದರು. ಚರಕ ತಿರುಗಿತು. ಒಂದೊಂದು ಗೂಡಿನಲ್ಲೂ ನೂರಾರು ಮೀಟರ್ ಎಳೆ ಇರುತ್ತದೆ. ತುದಿ ಸಿಗದಿದ್ದರೆ ಒಂದು ಮೀಟರೂ ಬರುವುದಿಲ್ಲ.

ಮಾರನೇ ದಿನ ಅವಳ ನೋಟ್‌ಬುಕ್ ತಿದ್ದುತ್ತಿದ್ದೆ. ಕ್ಲೂ ಪದದ ಮುಂದೆ ಸುಳಿವು ಅಂತ ಬರೆದು, ಅದನ್ನು ಹೊಡೆದು ಹಾಕಿ, ಪಕ್ಕದಲ್ಲಿ ಎಳೆ ಅಂತ ಬರೆದಿದ್ದಳು. ನಾನು ಸರಿ ಹಾಕಿದೆ.

ನಮಸ್ಕಾರ.