ರಿಮೋಟ್ ದೋಣಿಯ ಮೋಟಾರಿಗೆ ತಂಪು ನೀರು ಎಲ್ಲಿಂದ ಬರಬೇಕು?

[ದೃಶ್ಯ: ಕಾರವಾರದ ಬೈತಖೋಲ ಬಂದರು. ಮರಳುತ್ತಿರುವ ಟ್ರಾಲರಿನ ಪಕ್ಕದಿಂದ ನೀರು ಬೀಳುತ್ತಿದೆ.]

ನಮಸ್ಕಾರ. ಈ ಟ್ರಾಲರಿನ ಪಕ್ಕದಲ್ಲಿ ಬೀಳುತ್ತಿರುವ ಧಾರೆಯನ್ನು ಗಮನಿಸಿ. ಎಂಜಿನ್ನಿನ ಕಾವನ್ನು ಹೊತ್ತು ಹೊರಬರುತ್ತಿರುವ ನೀರು ಅದು, ಮತ್ತು ಆ ಧಾರೆ ಸಣ್ಣದಾದರೆ ಒಳಗೆ ಏನೋ ತೊಂದರೆಯಾಗಿದೆ ಎಂದು ದೋಣಿಯವರಿಗೆ ಕೂಡಲೇ ತಿಳಿಯುತ್ತದೆ. ನಮ್ಮ ಮಾದರಿ ದೋಣಿಗಳಲ್ಲಿಯೂ ಮೋಟಾರು ಮತ್ತು ಅದರ ವೇಗ ನಿಯಂತ್ರಕ, ಅಂದರೆ ಇಎಸ್‌ಸಿ, ಇದೇ ರೀತಿ ಹೊರಗಿನ ನೀರಿನಿಂದಲೇ ತಂಪಾಗುತ್ತವೆ. ಆದರೆ ಟ್ರಾಲರಿನಲ್ಲಿ ನೀರೆತ್ತಲು ಪಂಪ್ ಇರುತ್ತದೆ. ನಮ್ಮಲ್ಲಿ ಹೆಚ್ಚಿನವರ ದೋಣಿಯಲ್ಲಿ ಪಂಪ್ ಇರುವುದಿಲ್ಲ, ನೀರಿಗೆ ಎದುರಾಗಿ ಚಾಚಿದ ಒಂದು ಸಣ್ಣ ಬಾಯಿ ಮಾತ್ರ ಇರುತ್ತದೆ. ಅದನ್ನೇ ಪಿಕಪ್ ಎನ್ನುತ್ತೇವೆ.

ಪಿಕಪ್ಪಿಗೆ ಸಿಗುವ ಒತ್ತಡವು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 36 ಕಿಲೋಮೀಟರ್, ಅಂದರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಓಡುವ ದೋಣಿಯ ಪಿಕಪ್, ಲೆಕ್ಕದ ಪ್ರಕಾರ, ನೀರನ್ನು ಸುಮಾರು 5 ಮೀಟರ್ ಎತ್ತರಕ್ಕೆ ಏರಿಸಬಲ್ಲದು. ಅದೇ ದೋಣಿ ಸೆಕೆಂಡಿಗೆ 1 ಮೀಟರ್, ಅಂದರೆ ನಡಿಗೆಯ ವೇಗದಲ್ಲಿ ಸಾಗಿದರೆ ನೀರು ಏರುವುದು ಕೇವಲ 5 ಸೆಂಟಿಮೀಟರ್. ಕೊಳವೆಯ ತಿರುವುಗಳಲ್ಲಿ ಕಳೆದುಹೋಗುವ ಒತ್ತಡವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಆ ನೀರು ಮೋಟಾರನ್ನು ಸುತ್ತಿ ಹೊರಬರುವುದೇ ಅನುಮಾನ. ಆದ್ದರಿಂದ ಯಾವ ಪಿಕಪ್ ಒಳ್ಳೆಯದು ಎಂದು ಕೇಳುವ ಮೊದಲು, ನಿಮ್ಮ ದೋಣಿ ದಿನವೂ ಯಾವ ವೇಗದಲ್ಲಿ ಓಡುತ್ತದೆ ಎಂಬುದನ್ನು ಪ್ರಾಮಾಣಿಕವಾಗಿ ನೋಡಿಕೊಳ್ಳಬೇಕು.

[ದೃಶ್ಯ: ಮೇಜಿನ ಮೇಲೆ ಮಗುಚಿಟ್ಟ ದೋಣಿ. ಪ್ರೊಪೆಲ್ಲರಿನ ಹಿಂದೆ ಬಾಗಿಸಿದ ಹಿತ್ತಾಳೆ ಕೊಳವೆ.]

ಮೀನುಗಾರಿಕಾ ದೋಣಿಯ ಮಾದರಿಗಳಂತೆ ನಿಧಾನವಾಗಿ ಓಡುವವಕ್ಕೆ ಈ ಏರ್ಪಾಡು ಸೂಕ್ತ. ಪ್ರೊಪೆಲ್ಲರ್ ಹಿಂದಕ್ಕೆ ಎಸೆಯುವ ನೀರು ದೋಣಿಗಿಂತ ವೇಗವಾಗಿ ಹೋಗುವುದರಿಂದ, ದೋಣಿಯನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದ್ದರೂ ಧಾರೆ ಬರುತ್ತದೆ. ಕೊಳವೆಯ ಬಾಯಿ ಪ್ರೊಪೆಲ್ಲರಿನ ನಡುಗುಬ್ಬಿಗೆ ನೇರವಾಗಿರದೆ, ಎಲೆಗಳ ಹೊರಭಾಗದ ಹಿಂದೆ, ಒಂದೆರಡು ಸೆಂಟಿಮೀಟರ್ ಅಂತರದಲ್ಲಿರಲಿ. ಆದರೆ ಅರ್ಧ ಮುಳುಗಿ ತಿರುಗುವ ರೇಸಿಂಗ್ ಪ್ರೊಪೆಲ್ಲರಿನ ಹಿಂದೆ ನೀರಿನ ಜೊತೆ ಗಾಳಿಯೂ ಬೆರೆತಿರುವುದರಿಂದ ಅಲ್ಲಿ ಇದನ್ನು ನಂಬಬಾರದು. ಹಿಮ್ಮುಖವಾಗಿ ಓಡಿಸುವಾಗಲೂ ನೀರು ಬರುವುದಿಲ್ಲ.

ದೋಣಿಯ ತಳಕ್ಕೆ ತೂತು ಕೊರೆದು ಕೂರಿಸುವ ಪಿಕಪ್ ನೋಡಲು ಅಚ್ಚುಕಟ್ಟಾಗಿರುತ್ತದೆ. ನನ್ನ ಮೊದಲ ದೋಣಿಯಲ್ಲಿ ಇದ್ದದ್ದೂ ಅದೇ. ಕೋಡಿಬಾಗದ ಬಳಿ, ಇಳಿತದ ಹೊತ್ತಿನಲ್ಲಿ, ಕಾಳಿ ನದಿಯ ತೆಳು ನೀರಿನಲ್ಲಿ ಅದನ್ನು ಓಡಿಸುತ್ತಿದ್ದಾಗ ಇಎಸ್‌ಸಿ ಬಿಸಿಯೇರಿ ತಾನಾಗಿಯೇ ನಿಂತುಬಿಟ್ಟಿತು. ಸೆಳೆತಕ್ಕೆ ಸಿಕ್ಕು ಕಡಲಿನ ಕಡೆಗೆ ಸಾಗುತ್ತಿದ್ದ ದೋಣಿಯನ್ನು ಪಾತಿ ದೋಣಿಯಲ್ಲಿ ಬಲೆ ಬಿಡುತ್ತಿದ್ದ ಒಬ್ಬರು ಹಿಡಿದು ತಂದುಕೊಟ್ಟರು. ಮನೆಗೆ ಬಂದು ಕೊಳವೆ ಬಿಚ್ಚಿದರೆ ಒಳಗಿನ ತಿರುವಿನಲ್ಲಿ ಒದ್ದೆ ಮರಳು ಬತ್ತಿಯಂತೆ ಗಟ್ಟಿಯಾಗಿ ಕೂತಿತ್ತು, ಅದರ ತುದಿಯಲ್ಲಿ ಅಕ್ಕಿಕಾಳಿಗಿಂತ ಚಿಕ್ಕದಾದ ಒಂದು ಚಿಪ್ಪು. ತಳದ ಪಿಕಪ್ಪನ್ನೇ ಹಾಕುವುದಾದರೆ, ದೋಣಿ ವೇಗದಲ್ಲಿ ಮೇಲೆದ್ದಾಗಲೂ ನೀರು ಬಿಡದ ಹಿಂಭಾಗದಲ್ಲಿ ಹಾಕಿ. ಮುಂದಕ್ಕೆ ಹಾಕಿದರೆ ಪ್ರತಿ ಅಲೆಗೂ ಗಾಳಿ ನುಂಗುತ್ತದೆ.

[ದೃಶ್ಯ: ಚುಕ್ಕಾಣಿಯ ಮುಂಚೂಣಿ ಅಂಚು, ಅದರಲ್ಲಿ ಎರಡು ಸಣ್ಣ ತೂತುಗಳು.]

ವೇಗದ ದೋಣಿಗಳಿಗೆ ನಾನು ಶಿಫಾರಸು ಮಾಡುವುದು ಚುಕ್ಕಾಣಿಯೊಳಗಿನ ಪಿಕಪ್ಪನ್ನು. ಚುಕ್ಕಾಣಿ ಹೇಗೂ ನೀರಿನಲ್ಲಿ ಆಳವಾಗಿ ಇಳಿದಿರುತ್ತದೆ, ದೋಣಿಯ ತಳದಲ್ಲಿ ಹೊಸ ತೂತು ಬೇಕಾಗುವುದಿಲ್ಲ, ಮತ್ತು ಕಸ ಸಿಕ್ಕಿಕೊಂಡರೆ ದಡದಲ್ಲಿಯೇ ತೆಳು ತಂತಿಯಿಂದ ಬಿಡಿಸಬಹುದು. ಇಲ್ಲಿ ಒಂದು ಸೂಕ್ಷ್ಮವಿದೆ. ನೀರಿನ ಇಡೀ ದಾರಿಯಲ್ಲಿ ಅತ್ಯಂತ ಕಿರಿದಾದ ಜಾಗ ಈ ತೂತುಗಳೇ ಆಗಿರಬೇಕು. ಹಾಗಿದ್ದಾಗ ಕಸ ಕೈಗೆ ಎಟಕುವ ಬಾಗಿಲಲ್ಲೇ ತಡೆದು ನಿಲ್ಲುತ್ತದೆ, ಒಳಗೆ ನುಗ್ಗಿದ್ದು ಪೂರ್ತಿ ಹೊರಗೆ ಹೋಗುತ್ತದೆ. ಶಿರಸಿಯ ಕಡೆಯ ಕೆರೆಗಳಲ್ಲಿ ಉಪ್ಪಿನ ಚಿಂತೆಯಿಲ್ಲದಿದ್ದರೂ ಜೊಂಡು ಮತ್ತು ಕೊಳೆತ ಎಲೆಯ ನಾರು ಧಾರಾಳವಾಗಿರುವುದರಿಂದ, ಘಟ್ಟದ ಮೇಲಿನ ಗೆಳೆಯರಿಗೂ ಇದು ಮುಖ್ಯ.

ಒಳಗೆ ಬಂದ ನೀರು ಮೊದಲು ಇಎಸ್‌ಸಿಗೆ, ಆಮೇಲೆ ಮೋಟಾರಿಗೆ ಹೋಗಲಿ, ಏಕೆಂದರೆ ಮೋಟಾರಿನ ಕಾವು ಹೊತ್ತ ನೀರು ಇಎಸ್‌ಸಿಯನ್ನು ಅಷ್ಟು ಚೆನ್ನಾಗಿ ತಂಪಾಗಿಸಲಾರದು. ಹೊರಬಾಯಿಯನ್ನು ನೀರಿನ ಮಟ್ಟಕ್ಕಿಂತ ಮೇಲೆ, ನೀವು ನಿಲ್ಲುವ ದಡದಿಂದ ಕಾಣುವ ಪಕ್ಕದಲ್ಲಿ ಇಡಿ.

[ದೃಶ್ಯ: ಅಂಗಳದ ಬಾವಿಕಟ್ಟೆ. ಸಿರಿಂಜಿನಲ್ಲಿ ನೀರು.]

ಕರಾವಳಿಯವರಿಗೆ ಕೊನೆಯ ಕೆಲಸವೊಂದು ಉಳಿದಿದೆ. ಮೋಟಾರನ್ನು ಸುತ್ತಿ ನೀರು ಹರಿಸುವ ಅಲ್ಯೂಮಿನಿಯಂ ಜಾಕೆಟ್ಟಿಗೆ, ಕೊಳವೆ ಸಿಕ್ಕಿಸುವ ಹಿತ್ತಾಳೆಯ ನಿಪ್ಪಲ್ ತಾಗಿದ್ದು, ಅವೆರಡರ ನಡುವೆ ಉಪ್ಪುನೀರು ನಿಂತರೆ, ಬ್ಯಾಟರಿಯೊಳಗೆ ನಡೆಯುವಂಥ ಕ್ರಿಯೆಯೇ ನಡೆದು ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ಆದ್ದರಿಂದ ಪ್ರತಿ ಓಟದ ನಂತರ, ಅದೇ ದಿನ, 50 ಮಿಲಿಲೀಟರ್ ಸಿರಿಂಜಿನಿಂದ ಹೊರಬಾಯಿಯ ಕಡೆಯಿಂದ ಬಾವಿ ನೀರನ್ನು ಒತ್ತಿ. ಹೀಗೆ ಹಿಮ್ಮುಖವಾಗಿ ಒತ್ತಿದಾಗ ಪಿಕಪ್ಪಿನ ಬಾಯಲ್ಲಿ ಸಿಕ್ಕಿದ್ದ ಮರಳೂ ಹೊರಬೀಳುತ್ತದೆ. ಮೂರು ನಾಲ್ಕು ಸಲ ಒತ್ತಿ, ಉಳಿದ ನೀರನ್ನು ಊದಿ ತೆಗೆದು, ಕೊಳವೆಯ ಒಂದು ತುದಿಯನ್ನು ಬಿಚ್ಚಿ ಒಣಗಲು ಬಿಡಿ.