ಹಳೇ ಸರ್ವರ್ ಓಡುತ್ತಿರುವಾಗಲೇ

ನಮಸ್ಕಾರ. ಮೈಸೂರು, ಮಂಡ್ಯ ಕಡೆಯ ಶಾಲೆಗಳಲ್ಲಿ, ಸಹಕಾರ ಸಂಘಗಳಲ್ಲಿ, ಸಣ್ಣ ಕಚೇರಿಗಳಲ್ಲಿ ಲಿನಕ್ಸ್ ಸರ್ವರ್ ನೋಡಿಕೊಳ್ಳುವ ಹುಡುಗ ಹುಡುಗಿಯರೇ, ಈ ಮಾತು ನಿಮಗಾಗಿ. ಯಂತ್ರ ಹಳೆಯದಾಯಿತು, ಹೊಸದು ಬಂತು. ಇದರಲ್ಲಿರುವುದನ್ನು ಅದಕ್ಕೆ ದಾಟಿಸುವುದು ಹೇಗೆ? ಮಾಡಬೇಕಾದ ತಯಾರಿಯನ್ನೆಲ್ಲ ಹಳೇ ಯಂತ್ರ ಓಡುತ್ತಿರುವಾಗಲೇ ಮಾಡಿ. ನಿಲ್ಲಿಸಿದ ಮೇಲಲ್ಲ.

ಪಾಂಡವಪುರದ ಕಡೆಯ ಒಂದು ಸಂಘದಿಂದ ಸಂಜೆ ಹೊತ್ತು ಫೋನ್ ಬಂತು, ಹೊಸ ಸರ್ವರ್ ಏಳುತ್ತಿಲ್ಲ ಅಂತ. "ಮೆನು ಬತ್ತದೆ ಸಾರ್, ಆಮೇಲೆ ಏನೂ ಬರಾಕಿಲ್ಲ." ಹಳೆಯದರ ಡಿಸ್ಕ್ ಬಿಚ್ಚಿ ಹೊಸದಕ್ಕೆ ಹಾಕಿದ್ದಾರೆ. ಹೊಸದರಲ್ಲಿ ಡಿಸ್ಕ್ ಕೂರುವುದು ರೇಡ್ ಕಾರ್ಡಿಗೆ, ಅಂದರೆ ಹಲವು ಡಿಸ್ಕ್ ಒಟ್ಟಿಗೆ ನಡೆಸುವ ಕಾರ್ಡಿಗೆ. ಹಳೆಯದರಲ್ಲಿ ಆ ಕಾರ್ಡೇ ಇರಲಿಲ್ಲ. ಹೋಗಿ ನೋಡಿದರೆ ಪರದೆ ತುಂಬ ಡ್ರಾಕಟ್ ಟೈಮ್‌ಔಟ್, ಡ್ರಾಕಟ್ ಟೈಮ್‌ಔಟ್. ಡಿಸ್ಕಿಗೆ ಕಾದು ಕಾದು ಸಾಕಾಯಿತು ಅಂತ. ಬೆಳಗಾದರೆ ಹಾಲಿನ ಲೆಕ್ಕ ಬರೆಯಬೇಕು, ಕಾರ್ಯದರ್ಶಿಯವರು ಕೂತಲ್ಲಿ ಕೂರುತ್ತಿಲ್ಲ. ಹುಡುಗ ಆಗಲೇ ಡಿಸ್ಕ್ ಕೆಟ್ಟಿದೆ, ಫಾರ್ಮ್ಯಾಟ್ ಮಾಡೋಣ ಅಂತಿದ್ದ. ತಡಿಯಪ್ಪ, ಡಿಸ್ಕ್ ಕೆಟ್ಟಿದ್ದರೆ ಮೆನು ಎಲ್ಲಿಂದ ಬಂತು?

ಯಂತ್ರ ಹಚ್ಚಿದೊಡನೆ ಮೆನು ತೋರಿಸುವ ಪುಟ್ಟ ಪ್ರೋಗ್ರಾಂ ಗ್ರಬ್. ಅದು ಡಿಸ್ಕ್ ಓದುವುದು ಯಂತ್ರದಲ್ಲೇ ಇರುವ ಬಯೋಸ್ ನೆರವಿನಿಂದ. ಆಮೇಲೆ ಏಳುವ, ಲಿನಕ್ಸಿನ ತಿರುಳಾದ ಕರ್ನಲ್‌ಗೆ ಆ ಕಾರ್ಡನ್ನು ಮಾತಾಡಿಸುವ ತನ್ನದೇ ಡ್ರೈವರ್ ಬೇಕು. ಅದು ಇರುವುದೋ ಅದೇ ಡಿಸ್ಕಿನಲ್ಲಿ! ಬೀರುವಿನ ಬೀಗದಕೈ ಬೀರುವಿನೊಳಗೇ ಇಟ್ಟ ಹಾಗೆ. ಅದಕ್ಕೇ ಇನಿಟ್‌ರಾಮ್‌ಎಫ್‌ಎಸ್ ಅನ್ನುವ ಒಂದು ಕಡತ, ಬೇಕಾದ ಡ್ರೈವರ್ ಹೊತ್ತು, ಕರ್ನಲ್ ಜೊತೆಗೇ ಮೆಮೊರಿಗೆ ಬರುತ್ತದೆ. ಆದರೆ ಸೆಂಟ್‌ಓಎಸ್, ಆಲ್ಮಾ, ರಾಕಿ ಈ ಲಿನಕ್ಸ್‌ಗಳೆಲ್ಲ ಡ್ರಾಕಟ್ ಅನ್ನುವ ಆದೇಶದಿಂದ ಆ ಕಡತ ಕಟ್ಟುವಾಗ ತಾವಿರುವ ಯಂತ್ರಕ್ಕೆ ಬೇಕಾದಷ್ಟೇ ಡ್ರೈವರ್ ತುಂಬುತ್ತವೆ. ಕಂಡೇ ಇಲ್ಲದ ಕಾರ್ಡಿಗೆ ಡ್ರೈವರ್ ಎಲ್ಲಿಂದ ಬರಬೇಕು?

ಮೆನುವಿನ ಕೊನೆಯಲ್ಲಿ ರೆಸ್ಕ್ಯೂ ಅಂತ ಒಂದು ಸಾಲಿರುತ್ತದೆ. ಅದರ ಕಡತದಲ್ಲಿ ಮಾತ್ರ ಎಲ್ಲ ಬಗೆಯ ಡ್ರೈವರ್ ಇರುತ್ತವೆ. ಅದನ್ನು ಒತ್ತಿದೆವು, ಯಂತ್ರ ಎದ್ದಿತು. ಎಂಥ ಸಂತೋಷ ಅಂತೀರಿ! ಆದರೆ ಹಳೇ ಯಂತ್ರ ಓಡುತ್ತಿರುವಾಗಲೇ ಒಂದು ಸಾಲಿನ ಆದೇಶ ಕೊಟ್ಟಿದ್ದರೆ ಈ ಪೇಚಾಟವೇ ಇರಲಿಲ್ಲ. ಬರೆದುಕೊಳ್ಳಿ: ಡ್ರಾಕಟ್, ಎರಡು ಅಡ್ಡಗೆರೆ ನೋ-ಹೋಸ್ಟ್‌ಓನ್ಲಿ, ಎರಡು ಅಡ್ಡಗೆರೆ ರೀಜನರೇಟ್-ಆಲ್, ಎರಡು ಅಡ್ಡಗೆರೆ ಫೋರ್ಸ್. ಎಲ್ಲ ಬಗೆಯ ಡ್ರೈವರ್ ತುಂಬಿ ಆ ಕಡತಗಳನ್ನು ಹೊಸದಾಗಿ ಕಟ್ಟುತ್ತದೆ. ಅಷ್ಟೇ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಯಾವ ಡಿಸ್ಕ್ ಭಾಗ ಎಲ್ಲಿ ಕೂರಬೇಕು ಅಂತ ಹೇಳುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಎಸ್‌ಡಿಎ1 ಅಂತ ಹೆಸರಿದ್ದರೆ ಈಗಲೇ ತೆಗೆದು ಯುಯುಐಡಿ, ಅಂದರೆ ಆ ಭಾಗದ ಸ್ವಂತ ಗುರುತಿನ ಸಂಖ್ಯೆ ಹಾಕಿ. ಬಿಎಲ್‌ಕೆಐಡಿ ಅಂತ ಆದೇಶ ಕೊಟ್ಟರೆ ಅದು ಸಿಗುತ್ತದೆ. ನೆಟ್‌ವರ್ಕ್ ಕಾರ್ಡಿನ ಹೆಸರು ಅದು ಕೂತ ಸ್ಲಾಟಿನ ಮೇಲೆ ಹೋಗುತ್ತದೆ, ಹೊಸ ಯಂತ್ರದಲ್ಲಿ ಬದಲಾಗುತ್ತದೆ. ಅದನ್ನೂ ಮೊದಲೇ ತಿಳಿಯಬಹುದು. ಹೊಸದನ್ನು ಲೈವ್ ಪೆನ್‌ಡ್ರೈವ್‌ನಿಂದ ಎಬ್ಬಿಸಿ, ಹೆಸರು ನೋಡಿಕೊಂಡು, ಹಳೆಯದರಲ್ಲಿ ಆ ಹೆಸರಿಗೆ ಐಪಿ ಬರೆದಿಡಿ. ಹಳೆಯದು ಓಡುತ್ತಿರುವಾಗಲೇ!

ಡಿಸ್ಕನ್ನಂತೂ ಬಿಚ್ಚಲೇಬೇಡಿ. ತಯಾರಿ ಮುಗಿದ ಮೇಲೆ ಕ್ಲೋನ್‌ಜಿಲ್ಲಾ ಅನ್ನುವ ತಂತ್ರಾಂಶದಿಂದ ನಕಲು ತೆಗೆದು ನಕಲನ್ನು ಹೊಸದಕ್ಕೆ ಹಾಕಿ. ಮೂಲ ಡಿಸ್ಕ್ ಹಳೆಯದರಲ್ಲೇ ಇರಲಿ. ತಿಂಗಳ ಲೆಕ್ಕ ಒಮ್ಮೆ ಸರಿಯಾಗಿ ಮುಗಿಯುವ ತನಕ ಆ ಯಂತ್ರವನ್ನು ಗುಜರಿಗೆ ಕೊಡಬೇಡಿ. ಅದರ ನೆಟ್‌ವರ್ಕ್ ಕೇಬಲ್ ಮಾತ್ರ ತೆಗೆದಿಡಿ, ಈಗ ಎರಡರಲ್ಲೂ ಒಂದೇ ಐಪಿ ಇದೆ. ನಮಸ್ಕಾರ.