ಪದೇ ಪದೇ ಕಿವಿ ನೋಯುವ ಮಗುವಿಗೆ ಆಪರೇಷನ್ ಬೇಕಾ?

ಕೇಳುಗರಿಗೆಲ್ಲ ನಮಸ್ಕಾರ.

ಎರಡು ವರ್ಷದ ಮಗುವಿಗೆ ನೆಗಡಿ ಬಂದಾಗಲೆಲ್ಲ ಕಿವಿನೋವೂ ಬಂದರೆ ಮನೆಯವರೆಲ್ಲ ಸೋತುಹೋಗುತ್ತಾರೆ. ರಾತ್ರಿಯಿಡೀ ಅಳು, ಜ್ವರ, ಮತ್ತೆ ಅದೇ ಆಂಟಿಬಯೋಟಿಕ್ ಸಿರಪ್ಪು. ಜಗಳೂರು, ಚನ್ನಗಿರಿ, ಹೊಳಲ್ಕೆರೆ ಕಡೆಯಿಂದ ಬಸ್ಸು ಹತ್ತಿ ದಾವಣಗೆರೆಗೆ ಬರುವ ತಾಯಂದಿರು ಕೇಳುವುದು ಒಂದೇ ಮಾತು: ಒಂದು ಸಲ ಆಪರೇಷನ್ ಮಾಡಿಸಿದರೆ ಇದು ನಿಲ್ಲುತ್ತಾ?

ಕೆಲವು ಮಕ್ಕಳಿಗೆ ಆಪರೇಷನ್ನಿಂದ ನಿಜಕ್ಕೂ ಒಳ್ಳೆಯದಾಗುತ್ತದೆ. ಇನ್ನು ಕೆಲವರಿಗೆ ಕಾದು ನೋಡುವುದೇ ಸರಿ. ಎಷ್ಟು ಸಲ ನೋವು ಬಂತು ಅನ್ನುವ ಲೆಕ್ಕವೊಂದರಿಂದಲೇ ಇದು ತೀರ್ಮಾನವಾಗುವುದಿಲ್ಲ. ನೋವು ಹೋದ ಮೇಲೂ ಕಿವಿ ತಮಟೆಯ ಹಿಂದೆ ನೀರು ನಿಂತಿದೆಯಾ ಅನ್ನುವುದನ್ನು ನೋಡಬೇಕು.

ತಮಟೆಯ ಹಿಂದಿನ ಜಾಗಕ್ಕೆ ನಡುಗಿವಿ ಅನ್ನುತ್ತಾರೆ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಒಂದು ಸಣ್ಣ ನಳಿಕೆ ಇದೆ. ದೊಡ್ಡವರಲ್ಲಿ ಅದು ಉದ್ದವಾಗಿ, ಇಳಿಜಾರಾಗಿರುತ್ತದೆ. ಮಕ್ಕಳಲ್ಲಿ ಗಿಡ್ಡ, ಹೆಚ್ಚುಕಡಿಮೆ ಅಡ್ಡ. ನೆಗಡಿಯಾದರೆ ಬೇಗ ಊದಿ ಮುಚ್ಚಿಕೊಳ್ಳುತ್ತದೆ. ಗಾಳಿ ಆಡುವುದಿಲ್ಲ, ಒಳಗೆ ನೀರು ಸೇರುತ್ತದೆ, ಅದರಲ್ಲಿ ಸೋಂಕು ಹುಟ್ಟಿ ಕೀವಾಗುತ್ತದೆ.

ಆಪರೇಷನ್ನಿನಲ್ಲಿ ತಮಟೆಗೆ ಚಿಕ್ಕ ಸೀಳು ಹಾಕಿ, ನೀರು ಎಳೆದು, ಅಕ್ಕಿಕಾಳಿಗಿಂತಲೂ ಸಣ್ಣ ಕೊಳವೆಯೊಂದನ್ನು ಕೂರಿಸುತ್ತಾರೆ. ಇದಕ್ಕೆ ಗ್ರಾಮೆಟ್ ಅನ್ನುತ್ತಾರೆ. ಎಣ್ಣೆ ಡಬ್ಬಿಗೆ ಎರಡನೇ ತೂತು ಹೊಡೆದರೆ ಗಾಳಿ ಒಳಗೆ ಹೋಗಿ ಎಣ್ಣೆ ಸಲೀಸಾಗಿ ಇಳಿಯುತ್ತದಲ್ವಾ, ಹಾಗೆಯೇ ಇದು. ಅಮೆರಿಕದ ವೈದ್ಯ ಬೆವರ್ಲಿ ಆರ್ಮ್‌ಸ್ಟ್ರಾಂಗ್ ಇಂಥ ಪ್ಲಾಸ್ಟಿಕ್ ಕೊಳವೆಯ ಬಗ್ಗೆ 1954ರಲ್ಲಿ ಬರೆದ ಮೇಲೆ ಈ ಪದ್ಧತಿ ಎಲ್ಲೆಡೆ ಹರಡಿತು. ಮಗುವಿಗೆ ಪೂರ್ತಿ ಅರಿವಳಿಕೆ ಕೊಡಬೇಕು, ಆದರೆ ಕೆಲಸ ಕೆಲವೇ ನಿಮಿಷದ್ದು. ಕೊಳವೆ ಸಾಮಾನ್ಯವಾಗಿ ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ತಾನಾಗಿ ಉದುರುತ್ತದೆ, ತಮಟೆ ಕೂಡಿಕೊಳ್ಳುತ್ತದೆ. ಕೆಲವೇ ಮಕ್ಕಳಲ್ಲಿ ಮಾತ್ರ ತೂತು ಹಾಗೇ ಉಳಿಯುವುದುಂಟು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆರು ತಿಂಗಳಲ್ಲಿ ಮೂರು ಸಲ, ಅಥವಾ ವರ್ಷದಲ್ಲಿ ನಾಲ್ಕು ಸಲ ಸೋಂಕು ಬಂದರೆ ಅದನ್ನು ಮರುಕಳಿಸುವ ಸೋಂಕು ಅನ್ನುತ್ತಾರೆ. ಇಂಥ 250 ಮಕ್ಕಳನ್ನು ಎರಡು ವರ್ಷ ನೋಡಿದ ಅಮೆರಿಕದ ಅಧ್ಯಯನವೊಂದು 2021ರಲ್ಲಿ ಹೊರಬಂತು. ಎಲ್ಲರೂ ಮೂರು ವರ್ಷದೊಳಗಿನವರು. ಕೊಳವೆ ಹಾಕಿಸಿಕೊಂಡವರಿಗೆ ವರ್ಷಕ್ಕೆ ಸರಾಸರಿ 1.48 ಸಲ ಸೋಂಕು ಬಂದರೆ, ಔಷಧಿಯಲ್ಲೇ ನೋಡಿಕೊಂಡವರಿಗೆ 1.56 ಸಲ ಬಂತು. ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ವಯಸ್ಸು ಹೆಚ್ಚಿದಂತೆ ಎರಡೂ ಗುಂಪಿನಲ್ಲಿ ಸೋಂಕು ಕಡಿಮೆಯಾಯಿತು. ಅಮೆರಿಕದ ಇಎನ್‌ಟಿ, ಅಂದರೆ ಕಿವಿ-ಮೂಗು-ಗಂಟಲು ವೈದ್ಯರ 2022ರ ಮಾರ್ಗಸೂಚಿ ಹೀಗೆ ಹೇಳುತ್ತದೆ: ಪರೀಕ್ಷೆ ಮಾಡಿದ ದಿನ ಎರಡೂ ಕಿವಿಯಲ್ಲಿ ನೀರಿಲ್ಲದಿದ್ದರೆ ಕೊಳವೆ ಹಾಕಬೇಡಿ, ಒಂದರಲ್ಲಾದರೂ ಇದ್ದರೆ ಕೊಳವೆ ಹಾಕುವ ಬಗ್ಗೆ ಮನೆಯವರೊಂದಿಗೆ ಮಾತಾಡಿ.

ಮೂರು ತಿಂಗಳಾದರೂ ನೀರು ಆರದೆ ಕೇಳಿಸುವುದು ಕಡಿಮೆಯಾಗಿದ್ದರೆ ಮಾತ್ರ ತಡ ಮಾಡಬಾರದು. ಈ ನೀರು ನೋಯುವುದಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಮಗು ಕರೆದರೆ ತಿರುಗುವುದಿಲ್ಲ, ಟಿವಿ ಸೌಂಡ್ ಜಾಸ್ತಿ ಮಾಡುತ್ತದೆ, ಮಾತು ತಡವಾಗುತ್ತದೆ. ನಾವು ಹಟ ಅಂದುಕೊಂಡು ಬೈಯುತ್ತೇವೆ. ಪಾಪ, ಅದಕ್ಕೆ ಕೇಳಿಸಿರುವುದೇ ಇಲ್ಲ. ಟಿಂಪನೋಮೆಟ್ರಿ ಅನ್ನುವ ಪರೀಕ್ಷೆಯಲ್ಲಿ ನೀರಿದೆಯೋ ಇಲ್ಲವೋ ತಿಳಿಯುತ್ತದೆ. ಅದಕ್ಕೆ ಸೂಜಿಯೂ ಇಲ್ಲ, ನೋವೂ ಇಲ್ಲ. ಆಪರೇಷನ್ನಿಗೆ ಒಪ್ಪುವ ಮೊದಲು ಇದನ್ನು ಮಾಡಿದ್ದೀರಾ ಎಂದು ಡಾಕ್ಟರನ್ನು ಕೇಳಿ. ಸಂಕೋಚ ಬೇಡ.

ಮೂಗಿನ ಹಿಂದಿನ ಅಡಿನಾಯ್ಡ್ ಗಡ್ಡೆ ತೆಗೆಯುವ ಮಾತೂ ಬರಬಹುದು. ನಾಲ್ಕು ವರ್ಷ ದಾಟಿದವರಿಗೆ, ಅಥವಾ ಮೂಗು ಕಟ್ಟಿ ಬಾಯಲ್ಲೇ ಉಸಿರಾಡುವವರಿಗೆ ಅದು ಉಪಯೋಗ.

ವಾರಗಟ್ಟಲೆ ಕಿವಿ ಸೋರುತ್ತಲೇ ಇದ್ದರೆ ಅದು ಬೇರೆಯೇ ತೊಂದರೆ. ಅಲ್ಲಿ ತಮಟೆ ಆಗಲೇ ತೂತಾಗಿರುತ್ತದೆ, ಕೊಳವೆಯ ಮಾತೇ ಬರುವುದಿಲ್ಲ. ಇಂಥ ಕಿವಿಗೆ ಬಿಸಿ ಎಣ್ಣೆ, ಬೆಳ್ಳುಳ್ಳಿ ಎಣ್ಣೆ ದಯವಿಟ್ಟು ಬಿಡಬೇಡಿ. ಅಜ್ಜಿ ಪ್ರೀತಿಯಿಂದಲೇ ಬಿಡುತ್ತಾರೆ, ಆದರೆ ಅದು ನೇರ ನಡುಗಿವಿಗೆ ಇಳಿಯುತ್ತದೆ.

ಸೋಂಕು ಕಡಿಮೆ ಮಾಡಲು ಮನೆಯಲ್ಲೇ ಮಾಡಬಹುದಾದದ್ದೂ ಇದೆ. ಮಗುವನ್ನು ಮಲಗಿಸಿ ಬಾಟಲಿ ಹಾಲು ಕುಡಿಸಬೇಡಿ. ಮೊದಲ ಆರು ತಿಂಗಳು ಎದೆಹಾಲೇ ಇರಲಿ. ಹೊಗೆಯಿಂದ ದೂರವಿಡಿ. ಬೀಡಿ ಹೊಗೆ, ಸೌದೆ ಒಲೆಯ ಹೊಗೆ ಎರಡೂ ಕೆಟ್ಟದ್ದೇ. ನಮ್ಮೂರಿನ ಮಂಡಕ್ಕಿ ಭಟ್ಟಿಗಳ ಪಕ್ಕದಲ್ಲೇ ಮಕ್ಕಳು ಆಡುತ್ತಾ ಬೆಳೆಯುವುದನ್ನು ನೋಡಿದರೆ ಸಂಕಟವಾಗುತ್ತದೆ. ಆ ದುಡಿಮೆ ಬಿಡಿ ಎಂದು ಹೇಳಲು ಯಾರಿಗೂ ಹಕ್ಕಿಲ್ಲ, ಆದರೆ ಭಟ್ಟಿ ಉರಿಯುವ ಹೊತ್ತಿಗಾದರೂ ಎಳೆ ಮಗುವನ್ನು ಬೇರೆ ಕಡೆ ಇರಿಸಿ. ಕಿವಿ ಸೋಂಕಿಗೂ ಕಾರಣವಾಗುವ ಒಂದು ಬ್ಯಾಕ್ಟೀರಿಯಾವನ್ನು ತಡೆಯುವ ನ್ಯೂಮೋಕಾಕಲ್ ಲಸಿಕೆ ಸರ್ಕಾರದ ಪಟ್ಟಿಯಲ್ಲೇ ಇದೆ: ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳಿಗೆ. ಉಚಿತ.

ಕೊಳವೆ ಹಾಕಿಸಿದ್ದರೆ ಸ್ನಾನಕ್ಕೆ ಅಡ್ಡಿಯಿಲ್ಲ. ಭದ್ರಾ ಕಾಲುವೆಯಲ್ಲೋ ಕೆರೆಯಲ್ಲೋ ಮುಳುಗಿ ಈಜುವುದು ಮಾತ್ರ ಬೇಡ. ಆಮೇಲೂ ಕಿವಿ ಸೋರಿದರೆ ಗಾಬರಿಯಾಗಬೇಡಿ. ಡಾಕ್ಟರು ಬರೆದ ಆಂಟಿಬಯೋಟಿಕ್ ಹನಿಗಳೇ ಹೆಚ್ಚಿನ ಸಲ ಸಾಕಾಗುತ್ತವೆ. ಇನ್ನು ಕಿವಿ ತೋರಿಸುವುದು ಎಲ್ಲಿ ಎಂದು ಗೊತ್ತಾಗದವರು ಅಂಗನವಾಡಿಯಲ್ಲಿ ಕೇಳಿ. ಮಕ್ಕಳ ಆರೋಗ್ಯ ತಪಾಸಣೆಗೆಂದೇ ಇರುವ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಲ್ಲಿಗೆ ವರ್ಷಕ್ಕೆ ಎರಡು ಸಲ ಬರಬೇಕು. ಆ ತಂಡ ಮಕ್ಕಳ ಕಿವಿಯನ್ನೂ ನೋಡುತ್ತದೆ, ಮುಂದಿನ ಆಸ್ಪತ್ರೆಗೂ ಬರೆದುಕೊಡುತ್ತದೆ.

ನಮಸ್ಕಾರ.